ಗಂಡನ ಓಟು ನನ್ನ ಕೈಯಲ್ಲಿ

ಬೇರೆಯವರ ಮನೆ ಜಗಳಕ್ಕೆ ತಲೆ ಹಾಕಬಾರದು ಅಂತ ನಾನು ಎಷ್ಟು ಸಲ ನಿರ್ಧಾರ ಮಾಡಿದರೂ, ಜಗಳವೇ ವಿಳಾಸ ವಿಚಾರಿಸಿಕೊಂಡು ನಮ್ಮ ಮನೆಗೆ ಬರುತ್ತದೆ. ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿ ಬಾಡಿಗೆಗೆ ಇದ್ದಾಗ ಒಂದು ಇಡೀ ದೇಶದ ಜಗಳವೇ ಬಂದಿತ್ತು. ಈಗ ಊರಾಚೆ ಸ್ವಂತ ಮನೆ ಮಾಡಿದ್ದೇವೆ. ಆದರೂ ಜೂನ್ ತಿಂಗಳಲ್ಲಿ ಯಾರೋ ಹುಲ್ಲು ಕತ್ತರಿಸಿದ ವಾಸನೆ ಬಂದರೆ ಸಾಕು, ಒಂದರ ಮೈಗೊಂದು ಅಂಟಿಕೊಂಡಿದ್ದ ಆ ಸಾಲುಮನೆಗಳೂ ನಮ್ಮ ಅಂಗೈಯಗಲದ ಹಿತ್ತಲೂ ಕಣ್ಣೆದುರು ಬರುತ್ತವೆ.

೧. ಬಾಡಿಗೆಯವರ ಅಭಿಪ್ರಾಯ

ಎದುರು ಮನೆಯಲ್ಲಿ ಧಾರವಾಡದ ಹುಡುಗಿಯೊಬ್ಬಳು ಎಂ.ಎಸ್ಸಿ. ಓದುತ್ತಿದ್ದಳು. ಭಾನುವಾರ ನಮ್ಮ ಸಾರಿನ ವಾಸನೆ ಹಿಡಿದು ಬರುವಳು. ಒಂದು ದಿನ ಊಟ ಮಾಡುತ್ತಾ, "ಅಕ್ಕಾರ, ಈ ದೇಶ ಯುರೋಪ್ ಒಕ್ಕೂಟದಾಗ ಇರಬೇಕೋ ಹೊರಗ ಬರಬೇಕೋ ಅಂತ ಓಟು ಐತಿ. ನಮಗೂ ಓಟು ಐತ್ರಿ" ಅಂದಳು.

"ನಮಗ್ಯಾಕೆ? ನಾವು ಇಂಡಿಯಾದವರಲ್ವಾ?"

"ಹಿಂದ ಇವರು ನಮ್ಮನ್ನ ಆಳಿದ್ರಲ್ಲರಿ, ಅಂಥಾ ದೇಶದವರು ಇಲ್ಲಿ ವಾಸ ಇದ್ರ ಹಾಕಬಹುದಂತ."

ಅಣ್ಣತಮ್ಮಂದಿರು ಪಾಲಾಗುವಾಗ ಬಾಡಿಗೆಯವರನ್ನು ಕೂರಿಸಿಕೊಂಡು "ನೀವೇನಂತೀರಿ?" ಅಂತ ಕೇಳಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ.

ನಮ್ಮ ಯಜಮಾನರು ಆಸ್ಪತ್ರೆಯಲ್ಲಿ ನರ್ಸ್. ಅವರಿಗೆ ಯೋಚನೆಯೇ ಬೇಕಾಗಲಿಲ್ಲ. "ಹೊರಗೆ ಬರಲಿ. ನಾನು ಇಂಗ್ಲಿಷ್ ಪರೀಕ್ಷೆ ಬರೆದೂ ಬರೆದೂ ಸುಸ್ತಾಗಿ ಇಲ್ಲಿಗೆ ಬಂದೆ. ಯುರೋಪಿನವರು ಸೂಟ್‌ಕೇಸ್ ಎಳಕೊಂಡು ಸುಮ್ಮನೆ ಬಂದರು."

"ಫೇಲಾದ ಸಿಟ್ಟನ್ನು ದೇಶದ ಮೇಲೆ ತೀರಿಸ್ಕೋತೀರಾ?"

"ಹತ್ತನೇ ಕ್ಲಾಸಿಗೆ ನಿಲ್ಲಿಸಿದವಳಿಗೆ ಪರೀಕ್ಷೆ ಕಷ್ಟ ಏನೇ ಗೊತ್ತು?"

"ನಿಜಾರೀ, ನಾನು ಒಂದೇ ಸಲಕ್ಕೆ ಪಾಸಾದೆ. ಅದಕ್ಕೇ ಗೊತ್ತಿಲ್ಲ" ಅಂದೆ.

೨. ಅತ್ತೆಯ ಹೂವು

ನನಗಿನ್ನೂ ಯಾವುದಕ್ಕೆ ಹಾಕಬೇಕು ಅಂತ ತೋಚಿರಲಿಲ್ಲ. ಮೈಸೂರಿನಲ್ಲಿದ್ದ ಅತ್ತೆಗೆ ಫೋನಿನಲ್ಲಿ ಹೇಳಿದ್ದೇ ಎಡವಟ್ಟಾಯಿತು.

"ಬೇರೆ ಹೋಗ್ತಾರಂತಾ? ಯಾವ ಸೊಸೆ ಮಾಡಿಸ್ತಿದ್ದಾಳೋ!" ಅಂದರು. "ನೀನು ದೇವರ ಹತ್ರ ಹೂ ಕೇಳು. ಬಲಗಡೆ ಬಿದ್ದರೆ ಒಟ್ಟಿಗಿರಲಿ. ಎಡಗಡೆ ಬಿದ್ದರೆ ಹೋಗಲಿ."

ಅಡುಗೆಮನೆಯ ಕಪಾಟಿನಲ್ಲಿದ್ದ ದೇವರ ಫೋಟೊಗೆ ಗುಲಾಬಿ ದಳಗಳನ್ನು ನೀರಲ್ಲಿ ಅದ್ದಿ ಎರಡೂ ಕಡೆ ಅಂಟಿಸಿದೆ. ವಿಡಿಯೋ ಕಾಲಿನಲ್ಲಿದ್ದ ಅತ್ತೆಯನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೈಮುಗಿದು ನಿಂತೆ. ಬಹಳ ಹೊತ್ತಾದ ಮೇಲೆ ಒಂದು ದಳ ಜಾರಿತು.

"ಎಡಗಡೆ ಬಿತ್ತು ಅತ್ತೆ."

"ನಿನಗೆ ಎಡ ಕಣೇ. ದೇವರು ನಿನ್ನ ಕಡೆ ಮುಖ ಮಾಡಿ ಕೂತಿಲ್ವಾ? ಅವನಿಗೆ ಅದು ಬಲ."

ಹಿಂದಿನಿಂದ ನಮ್ಮ ಯಜಮಾನರು, "ಓಟು ಇವಳದಮ್ಮ, ದೇವರಿಗೆ ಇಲ್ಲಿ ಓಟಿಲ್ಲ. ಇವಳ ಎಡವೇ ಲೆಕ್ಕ" ಅಂತ ಕೂಗಿದರು.

ತಾಯಿ ಮಗ ಎಡಬಲದ ಮೇಲೆ ಕಿತ್ತಾಡುತ್ತಿರುವಾಗಲೇ ಇನ್ನೊಂದು ಕಡೆಯ ದಳವೂ ಬಿದ್ದುಹೋಯಿತು. ಅತ್ತೆ ಸ್ವಲ್ಪ ಹೊತ್ತು ನೋಡಿ, "ಅವನಿಗೂ ಆ ದೇಶದ ಉಸಾಬರಿ ಬೇಡವಂತೆ. ನೀನು ಅನ್ನಕ್ಕಿಡು, ಹೋಗು" ಅಂದರು.

೩. ಗಸಗಸೆ ಕೇಕು

ಪಕ್ಕದ ಮನೆಯವಳು ಪೋಲೆಂಡಿನವಳು, ಬೇಕರಿಯಲ್ಲಿ ಕೆಲಸ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದಾಗಿದ್ದರಿಂದ ಇಬ್ಬರಿಗೂ ಎಲ್ಲ ಚೆನ್ನಾಗಿ ಅರ್ಥವಾಗುತ್ತಿತ್ತು. ಹಿತ್ತಲಿನ ಬೇಲಿಯ ಮೇಲಿಂದ ನನ್ನ ಕಾಯಿಕಡುಬು ಆ ಕಡೆ ಹೋದರೆ ಅವಳ ಆಲೂಗಡ್ಡೆ ಕಡುಬು ಈ ಕಡೆ ಬರುತ್ತಿತ್ತು. ನನ್ನ ಮಗಳು, ಅವಳ ಮಗಳು ಬೇಲಿಯ ಸಂದಿಯಲ್ಲೇ ಬೆಳೆದರು.

ನಮಗಿಂತ ಎಷ್ಟೋ ಮುಂಚೆ ಬಂದವಳಾದರೂ ಯುರೋಪಿನವಳಾದ್ದರಿಂದ ಅವಳಿಗೆ ಈ ಓಟಿರಲಿಲ್ಲ. ದೇಶ ಹೊರಗೆ ಬಂದರೆ ತಾನು ಇಲ್ಲಿ ಇರಬೇಕೋ ಹೋಗಬೇಕೋ ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಒಂದು ಸಂಜೆ ಬೇಲಿಯ ಹತ್ತಿರ ಬಂದು ಗಸಗಸೆ ಕೇಕು ಕೊಟ್ಟಳು. ಏನೋ ಕೇಳಬೇಕು ಅನ್ನುವ ಹಾಗೆ ನಿಂತಳು. ಕೇಳದೆ ಒಳಗೆ ಹೋದಳು. ನನ್ನ ಓಟು ಅಲ್ಲೇ ತೀರ್ಮಾನವಾಯಿತು.

"ಒಂದು ಕೇಕಿಗೆ ಓಟು ಮಾರಿದೆಯಾ?" ಅಂದರು ಯಜಮಾನರು.

"ಊರಲ್ಲಿ ಕುಕ್ಕರ್ ಕೊಟ್ಟವರಿಗೇ ನಾನು ಹಾಕಿಲ್ಲ. ಆ ಕೇಕಲ್ಲಿ ಮುಕ್ಕಾಲು ತಿಂದಿದ್ದು ನೀವು. ನ್ಯಾಯವಾಗಿ ನೀವೇ ಹಾಕಬೇಕು."

೪. ಶಾಯಿ

ಓಟಿನ ವಾರ ಯಜಮಾನರನ್ನು ಬೇರೆ ಊರಿನ ಆಸ್ಪತ್ರೆಗೆ ಡ್ಯೂಟಿಗೆ ಹಾಕಿದರು. ಇಲ್ಲಿ ಒಬ್ಬರ ಓಟನ್ನು ಇನ್ನೊಬ್ಬರು ಹಾಕುವ ಪ್ರಾಕ್ಸಿ ಅಂತ ಒಂದು ಪದ್ಧತಿಯಿದೆ. ತಮ್ಮ ಓಟನ್ನು ನನಗೆ ಒಪ್ಪಿಸಿ, "ಹೊರಗೆ. ಜ್ಞಾಪಕ ಇರಲಿ" ಅಂತ ಹೇಳಿ ಹೋದರು. ಓಟಿನ ದಿನ ಬೆಳಗ್ಗೆಯೂ ಫೋನು: "ಹೊರಗೆ ಕಣೇ." ನಾನು ಮಗಳಿಗೆ ಜಡೆ ಹಾಕುವಾಗ ಮತ್ತೆ ಫೋನು: "ಹೊರಗೆ ಅಂದರೆ ಹೊರಗೇ."

ನಾನು ರೇಷ್ಮೆ ಸೀರೆ ಉಟ್ಟು, ಪಾಸ್‌ಪೋರ್ಟಿನಿಂದ ಕರೆಂಟ್ ಬಿಲ್ಲಿನವರೆಗೆ ಎಲ್ಲ ಚೀಲಕ್ಕೆ ತುಂಬಿಕೊಂಡು, ಮಗಳನ್ನೂ ಕರೆದುಕೊಂಡು ಹೊರಟೆ. ಚರ್ಚಿನ ಹಾಲಿನಲ್ಲಿ ಓಟು. ಪೊಲೀಸರಿಲ್ಲ, ಗಲಾಟೆಯಿಲ್ಲ. ಮೇಜಿನ ಹಿಂದೆ ಕೂತ ಅಜ್ಜಿ ಹೆಸರು, ವಿಳಾಸ ಕೇಳಿ ಎರಡು ಚೀಟಿ ಕೊಟ್ಟೇಬಿಟ್ಟರು. ಚೀಲ ಬಿಚ್ಚಿದರೆ, ಅದೆಲ್ಲ ಬೇಡ ಅಂದರು. ಇಷ್ಟು ಸುಲಭವಾ ಅಂತ ನನಗೇ ಅನುಮಾನ ಬಂದು, ಶಾಯಿಯಾದರೂ ಹಚ್ಚಲಿ ಎಂದು ಎಡಗೈ ತೋರುಬೆರಳು ಮುಂದೆ ಚಾಚಿದೆ.

ಅಜ್ಜಿ ಎದ್ದು ನಿಂತು ಕೈಕುಲುಕಿದರು.

೫. ಎರಡನೇ ಚೀಟಿ

ಮರೆಯೊಳಗೆ ದಾರ ಕಟ್ಟಿದ ಒಂದು ಪೆನ್ಸಿಲ್. ನನ್ನ ಚೀಟಿಗೆ 'ಒಳಗೆ' ಅಂತ ಇಂಟು ಹಾಕಲು ಒಂದು ಕ್ಷಣ ಸಾಕಾಯಿತು. ಯಜಮಾನರ ಚೀಟಿ ಹಿಡಿದಾಗ ಕೈ ಏಳಲಿಲ್ಲ. ಯಾರು ನೋಡುತ್ತಾರೆ? ಪಕ್ಕದ ಮನೆಯವಳ ಮುಖ ಕಣ್ಣಿಗೆ ಬಂತು. "ಮಮ್ಮೀ, ಹರಿ ಅಪ್" ಅಂತ ಮಗಳು ಸೆರಗು ಎಳೆಯುತ್ತಿದ್ದಳು. ಆದರೆ ನಂಬಿ ಕೊಟ್ಟ ಓಟು. ಮನಸ್ಸು ಗಟ್ಟಿ ಮಾಡಿಕೊಂಡು 'ಹೊರಗೆ' ಅಂತಲೇ ಇಂಟು ಎಳೆದೆ.

ಮರುದಿನ 'ಹೊರಗೆ' ಗೆದ್ದಿತು. ಪಕ್ಕದ ಮನೆಯವಳು ಕೆಲವು ವರ್ಷಗಳಾದ ಮೇಲೆ ತನ್ನ ದೇಶಕ್ಕೇ ಹೋದಳು. ಕ್ರಿಸ್‌ಮಸ್ಸಿಗೆ ಈಗಲೂ ಅವಳ ಕೇಕಿನ ಫೋಟೊ ಬರುತ್ತದೆ. ಫೋಟೊ ನೋಡಿದಾಗಲೆಲ್ಲ ಬಾಯಿಗೆ ಗಸಗಸೆಯ ರುಚಿ ನೆನಪಾಗುತ್ತದೆ.

ಫಲಿತಾಂಶದ ಸಂಜೆ ಯಜಮಾನರು ಮನೆಗೆ ಬಂದರು. ಗೆದ್ದವರ ಮುಖವೇ ಅಲ್ಲ. ಶೂ ಕೂಡ ಬಿಚ್ಚದೆ, "ನನ್ನ ಓಟು ಯಾವುದಕ್ಕೆ ಹಾಕಿದೆ?" ಅಂದರು.

"ನೀವು ಹೇಳಿದ್ದಕ್ಕೇ."

"ತಮಾಷೆ ಮಾಡಬೇಡ. ನಿಜ ಹೇಳು."

"ಮಗಳ ಆಣೆ. ಹೊರಗೆ."

ಮೆಟ್ಟಿಲ ಮೇಲೆ ಕುಸಿದು ಕೂತರು. ಆ ವಾರ ವಾರ್ಡಿನಲ್ಲಿ ಜೊತೆಗಿದ್ದ ಸ್ಪೇನಿನ ನರ್ಸ್, ಇವರಿಗೆ ಕೆಲಸ ಹೇಳಿಕೊಟ್ಟವಳು, ಓಟಿನ ಹಿಂದಿನ ದಿನ ಟೀ ಕುಡಿಯುತ್ತಾ, ಇನ್ನು ನಮ್ಮನ್ನು ಇಲ್ಲಿರಲು ಬಿಡುತ್ತಾರೋ ಇಲ್ಲವೋ ಅಂತ ಅತ್ತುಬಿಟ್ಟಳಂತೆ. ಅವತ್ತೇ ಇವರ ಮನಸ್ಸು ಬದಲಾಯಿತಂತೆ.

"ಹಾಗಾದರೆ ಒಳಗೆ ಹಾಕು ಅಂತ ಫೋನ್ ಮಾಡೋಕೇನಾಗಿತ್ತು?" ಅಂತ ರೇಗಿದೆ. "ನಿನ್ನೆ ಬೆಳಗ್ಗೆಯೆಲ್ಲ ಹೊರಗೆ ಹೊರಗೆ ಅಂತ ಪ್ರಾಣ ತಿಂದಿರಲ್ಲ!"

"ಒಳಗೆ ಅಂದಿದ್ದರೆ ನೀನು ಹಟಕ್ಕೆ ಹೊರಗೆ ಹಾಕ್ತಿದ್ದೆ. ಅದಕ್ಕೇ ಎರಡೆರಡು ಸಲ ಒತ್ತಿ ಹೊರಗೆ ಅಂದೆ" ಅಂದರು ತಲೆ ಹಿಡಿದುಕೊಂಡು. "ಮದುವೆಯಾದಾಗಿನಿಂದ ಒಂದು ದಿನ ನನ್ನ ಮಾತು ಕೇಳಿದವಳಲ್ಲ. ಕೇಳೋಕೆ ನಿನಗೆ ಇದೇ ದಿನ ಬೇಕಿತ್ತೇನೇ?"