ನೀಲಿ ಕಿಟಕಿ ಮತ್ತು ತೂಕದ ಕೊಕ್ಕೆ

ಕೊಗ್ಗ ಮಾಡಿದ ತಪ್ಪು ಒಂದೇ. ಮೇಲಿನ ಮನೆಯ ಈರವ್ವನ ಹತ್ತಿರ ತೂಕದ ಕೊಕ್ಕೆ ಕೇಳಿದ್ದು.

ಮಸ್ಕತ್ತಿನಿಂದ ಒಂದೂವರೆ ಗಂಟೆ ದಾರಿಯ ನಿಜ್ವಾ ಊರಿನ ಆ ಮೂರು ಮಾಳಿಗೆಯ ಕಟ್ಟಡಕ್ಕೆಲ್ಲ ಸೂಟ್‌ಕೇಸು ತೂಗುವ ಕೊಕ್ಕೆ ಇದ್ದದ್ದು ಒಂದೇ. ಅದನ್ನು ಒಯ್ದವರು ವಿಮಾನ ಹತ್ತುತ್ತಾರೆಂದು ಅರ್ಥ. ವಿಮಾನ ಹತ್ತುವವರು ಉಳಿದವರ ಸಾಮಾನು ಒಯ್ಯುತ್ತಾರೆಂದೂ ಅರ್ಥ. ಗಲ್ಫಿನಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ, ಮೀರಿದವರೂ ಇಲ್ಲ. ಕೊಗ್ಗ ಬುಧವಾರ ಸಂಜೆ ಕೊಕ್ಕೆ ತಂದ. ಗುರುವಾರ ಬೆಳಿಗ್ಗೆ ಆರು ಗಂಟೆಗೆ ಅವನ ಬಾಗಿಲಲ್ಲಿದ್ದ ಚಪ್ಪಲಿಗಳನ್ನು ನೋಡಿದವರು ಒಳಗೆ ಯಾರದೋ ನಿಶ್ಚಿತಾರ್ಥ ಎಂದುಕೊಳ್ಳಬೇಕಿತ್ತು.

ಹೊರಡುವ ವಿಷಯವನ್ನು ಅವನು ಅಲ್ಲಿಯ ತನಕ ಗುಟ್ಟು ಮಾಡಿದ್ದಕ್ಕೆ ಕಾರಣವಿತ್ತು. ಈ ಸಲ ಅವನು ಹೊರಟದ್ದು ಊರಿಗಲ್ಲ, ಫ್ರಾನ್ಸಿಗೆ. ಪ್ಯಾರಿಸ್ಸಿಗೂ ಅಲ್ಲ, ಬೆಟ್ಟದ ಬುಡದ ಒಂದು ಸಣ್ಣ ಊರಿಗೆ. ಆ ಊರಿನ ಹೆಸರನ್ನು ಕೊಗ್ಗ ಮೂರು ಥರ ಹೇಳುತ್ತಿದ್ದ, ಮೂರೂ ತಪ್ಪು. ಹದಿನೇಳು ವರ್ಷದ ಹಿಂದೆ ಅವನು ಪಂಪು ಮಾರುವ ಅಂಗಡಿಯ ಸ್ಟೋರಿಗೆ ಸೇರಿದಾಗ, ಪಂಪು ತಯಾರಿಸುವ ಫ್ರೆಂಚ್ ಕಂಪನಿಯ ಕ್ಯಾಲೆಂಡರು ಅವನ ಮೇಜಿನ ಎದುರಿಗೇ ತೂಗುತ್ತಿತ್ತು. ಅದರ ಅಕ್ಟೋಬರ್ ಪುಟದಲ್ಲಿ, ಕಂಪನಿ ಇರುವ ಆ ಊರಿತ್ತು. ಹಿಂದೆ ಹಿಮದ ಬೆಟ್ಟ, ಮುಂದೆ ಹೊಳೆ, ಹೊಳೆಗೊಂದು ಕಲ್ಲಿನ ಸೇತುವೆ. ಸೇತುವೆಯ ಆಚೆ ಒಂದು ಮನೆ, ಅದಕ್ಕೆ ಆರು ನೀಲಿ ಕಿಟಕಿ. ಐದು ಮುಚ್ಚಿದ್ದವು. ಒಂದು ತೆರೆದಿತ್ತು.

ಹೆಂಡತಿ ಉಮಾವತಿಗೆ ವೀಸಾ ಸಿಗುವ ತನಕ ಏಳು ವರ್ಷ ಅವನು ಒಬ್ಬನೇ ಇದ್ದ. ಆ ಏಳು ವರ್ಷ ಊಟದ ಡಬ್ಬಿ ಬಿಚ್ಚಿ ಕೂತಾಗಲೆಲ್ಲ ಕಣ್ಣು ಆ ತೆರೆದ ಕಿಟಕಿಗೇ ಹೋಗುತ್ತಿತ್ತು. ಯಾರು ತೆರೆದಿಟ್ಟರು? ಯಾರಿಗಾಗಿ? ಎಲ್ಲಿಯೋ ಒಂದು ಮನೆಯಲ್ಲಿ ಯಾರೋ ದಾರಿ ನೋಡುತ್ತಿದ್ದಾರೆ ಅಂದುಕೊಂಡರೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು. ವರ್ಷ ಕಳೆಯಿತು, ಹೊಸ ಕ್ಯಾಲೆಂಡರುಗಳು ಬಂದವು, ಆ ಪುಟ ಮಾತ್ರ ಮೊಳೆಯಿಂದ ಇಳಿಯಲಿಲ್ಲ. ಒಂದು ಸಲ ಆ ಸೇತುವೆಯ ಮೇಲೆ ನಿಂತು ಕಿಟಕಿಯನ್ನು ನೋಡಬೇಕು, ಅಷ್ಟೇ ಅವನ ಆಸೆ. ಅದಕ್ಕಿಂತ ದೊಡ್ಡ ಆಸೆಯನ್ನು ಅವನು ಈ ಜನ್ಮದಲ್ಲಿ ಇಟ್ಟುಕೊಂಡದ್ದಿಲ್ಲ.

ಈ ಕಡೆಯಿಂದಲೂ ಪ್ರತಿ ಡಿಸೆಂಬರಿನಲ್ಲಿ ಅಂಗಡಿಯ ಹತ್ತು ಕ್ಯಾಲೆಂಡರು ಫ್ರೆಂಚ್ ಕಂಪನಿಗೆ ಹೋಗುತ್ತಿದ್ದವು. ಕಟ್ಟು ಕಟ್ಟಿ ಹಗ್ಗ ಬಿಗಿಯುವವನು ಕೊಗ್ಗನೇ. ಒಂದು ವರ್ಷವಂತೂ ಅಂಗಡಿಯ ಮುಂಭಾಗದ ಚಿತ್ರದಲ್ಲಿ ಖರ್ಜೂರದ ಮರದ ಕೆಳಗೆ, ಕೆಂಪು ಟೊಪ್ಪಿ ಹಾಕಿಕೊಂಡು ಚಾ ಕುಡಿಯುತ್ತ ಅವನೂ ಸಿಕ್ಕಿಬಿದ್ದಿದ್ದ. "ಇಷ್ಟು ಒಳ್ಳೆ ಫೋಟೋ ಹಾಳು ಮಾಡಿದ್ರಿ ಮಾರಾಯ್ರೆ," ಎಂದು ಕೌಂಟರಿನ ಸ್ಯಾವಿಯೋ ಇವತ್ತಿಗೂ ಹಂಗಿಸುತ್ತಾನೆ.

ಮಗಳು ದೀಕ್ಷಿತಾಳಿಗೆ ಹತ್ತನೇ ಕ್ಲಾಸಿನ ಪರೀಕ್ಷೆ ಇದ್ದುದರಿಂದ ಉಮಾವತಿ ಹೊರಡುವಂತಿರಲಿಲ್ಲ. "ನೀವು ಹೋಗಿ ಬನ್ನಿ. ಆ ಕಿಟಕಿ ಯಾರದ್ದು ಅಂತ ನನಗೂ ಒಮ್ಮೆ ತಿಳಿಯಲಿ," ಅಂದಿದ್ದಳು. ಗಂಡನ ಮರೆವು ಗೊತ್ತಿದ್ದವಳಾದ್ದರಿಂದ ಹಿಂದಿನ ಸಂಜೆಯೇ ಪಾಸ್‌ಪೋರ್ಟನ್ನು ಅವನ ಉಣ್ಣೆಯ ಜಾಕೆಟಿನ ಒಳಜೇಬಿಗೆ ಹಾಕಿ, ಮೇಲಿಂದ ಪಿನ್ನು ಚುಚ್ಚಿ, ವಿಮಾನ ನಿಲ್ದಾಣದಲ್ಲಿ ತೆಗೆದು ಹಾಕಿಕೊಳ್ಳಲೆಂದು ಜಾಕೆಟನ್ನು ಸೂಟ್‌ಕೇಸಿನ ಮೇಲ್ಭಾಗದಲ್ಲೇ ಮಡಚಿಟ್ಟಿದ್ದಳು. ಅದನ್ನು ಎರಡು ಸಲ ಹೇಳಿಯೂ ಇದ್ದಳು. ಕೊಗ್ಗ ಎರಡು ಸಲವೂ ಹೂಂಗುಟ್ಟಿದ್ದ.

ಬೆಳಿಗ್ಗೆ ಮೊದಲು ಬಂದವಳು ಈರವ್ವ.

"ಕೊಗ್ಗಣ್ಣಾರ, ನಮ್ಮಕ್ಕನ ಮಗ ಅಲ್ಲೇ ಅದಾನ್ರೀ. ಬರೇ ಐವತ್ತು ರೊಟ್ಟಿ, ಒಂದೀಟು ಶೇಂಗಾ ಚಟ್ನಿ."

"ಅವನು ಎಲ್ಲಿರೋದು ಅಕ್ಕಾ?"

"ಪ್ಯಾರಿಸ್‌ನಾಗ."

"ನಾನು ಹೋಗುವ ಊರಿಗೂ ಪ್ಯಾರಿಸ್ಸಿಗೂ ಒಂದು ದಿನದ ದಾರಿ ಉಂಟಲ್ಲ?"

"ಎರಡೂ ಫ್ರಾನ್ಸ್ ಒಳಗ ಅದಾವಿಲ್ಲೋ?" ಎಂದು ಈರವ್ವ ಕೇಳಿದಳು. ಕೊಗ್ಗ ಸೂಟ್‌ಕೇಸಿನ ಬಾಯಿ ತೆರೆದ.

ಎದುರು ಮನೆಯ ಆಲಿಸ್ ಬಾಯಿ ಐದು ಲೀಟರಿನ ಖಾಲಿ ಕ್ಯಾನು, ಆರು ದಪ್ಪ ಮೇಣದಬತ್ತಿ ಹಿಡಿದು ಬಂದಳು. "ಲೂರ್ದ್ ಮಾತೆಯ ಊರು ಅಲ್ಲೇ ಹತ್ತಿರ ಅಂತೆ ಅಲ್ವಾ? ಕ್ಯಾಂಡಲ್ ಹಚ್ಚಿ, ಸ್ವಲ್ಪ ತೀರ್ಥ ತರ್ಲಿಕ್ಕೆ ಆಗ್ತದಾ? ಖಾಲಿ ಕ್ಯಾನಿಗೆ ಭಾರ ಎಂಥದು!"

"ಭಾರ ಇಲ್ಲ ಬಾಯಮ್ಮ, ಜಾಗ..."

"ಒಳಗೆ ನಿಮ್ಮ ಬನಿಯನ್ ತುಂಬ್ಸಿ," ಅಂದಳು ಆಲಿಸ್. ಎಲ್ಲಕ್ಕೂ ಪರಿಹಾರ ಯೋಚಿಸಿಯೇ ಬಂದಿದ್ದಳು.

ಅಷ್ಟರಲ್ಲಿ ಸ್ಯಾವಿಯೋ ಅಂಗಡಿಗೆ ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಒಡೆದ ಪಂಪಿನ ಚಕ್ರವೊಂದನ್ನು ಪೇಪರಿನಲ್ಲಿ ಸುತ್ತಿ ತಂದ. ಕಬ್ಬಿಣದ್ದು, ಮೂರು ಕೇಜಿ. "ವಾರಂಟಿ ಉಂಟು ಕೊಗ್ಗಣ್ಣ. ಮೇಲ್ ಮಾಡಿದ್ರೆ ಆ ಜನ ಉತ್ತರ ಕೊಡೋದಿಲ್ಲ. ನೀವು ಹೇಗೂ ಅದೇ ಊರಿಗೆ ಹೋಗ್ತೀರಲ್ಲ, ಟೇಬಲ್ ಮೇಲೆ ಇಟ್ಟು ಕೇಳಿ."

ಬೇಡ ಅನ್ನಲು ಕೊಗ್ಗನಿಗೆ ಬಾಯಿ ಬರಲಿಲ್ಲ. ಬರುವುದಾದರೂ ಹೇಗೆ? ಒಂಟಿಯಾಗಿದ್ದ ಏಳು ವರ್ಷ ಊರಿಗೆ ಹೋದವರೆಲ್ಲ ಅವನ ತಾಯಿಗೆ ಮಂಡಿನೋವಿನ ಮುಲಾಮು ಒಯ್ದವರು, ಬರುವಾಗ ಅವಳು ಕೊಟ್ಟ ಹಲಸಿನ ಹಪ್ಪಳ ತಂದವರು. ಆಲಿಸ್ ಬಾಯಿಯ ಗಂಡ ರಾಬರ್ಟ್ ಒಮ್ಮೆ ಪ್ರೆಷರ್ ಕುಕ್ಕರನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಹೋಗಿದ್ದ. ತಾಯಿ ತೀರಿಕೊಂಡು ಮೂರು ವರ್ಷವಾದರೂ ಆ ಋಣ ತೀರಿರಲಿಲ್ಲ.

ಕೊಕ್ಕೆ ಮೂವತ್ತಾರು ತೋರಿಸಿತು. ವಿಮಾನದವರು ಬಿಡುವುದು ಮೂವತ್ತು. ಉಮಾವತಿ ಅಡುಗೆಮನೆಯಲ್ಲಿ ಬಂದವರಿಗೆಲ್ಲ ಚಾ ಮಾಡುತ್ತಿದ್ದಳು. ಕೊಗ್ಗ ಒಂದೊಂದೇ ತೆಗೆದ. ಬೂಟು ಹೋಯಿತು, ಎರಡು ಪ್ಯಾಂಟು ಹೋಯಿತು, ಅವಳು ಪ್ರೀತಿಯಿಂದ ಮಾಡಿಕೊಟ್ಟ ಚಕ್ಕುಲಿಯ ಡಬ್ಬಿ ಹೋಯಿತು. ಕೊಕ್ಕೆ ಮೂವತ್ತೆರಡಕ್ಕೆ ಬಂದು ಹಟ ಹಿಡಿದು ನಿಂತಿತು.

"ಆ ಜಾಕೆಟ್ ತೆಗೀರಿ," ಅಂದಳು ಈರವ್ವ. "ಚಳಿ ಆದ್ರ ರೊಟ್ಟಿ ತಿಂದು ಓಡಾಡ್ರಿ. ಮೈ ಕಾಯ್ತೈತಿ."

ಕೊಗ್ಗ ಜಾಕೆಟನ್ನು ತೆಗೆದು ಮಂಚದ ಮೇಲೆಸೆದ. ಮೂವತ್ತು ಸರಿಯಾಯಿತು. ಮಡಚಿದ ಅಕ್ಟೋಬರ್ ಪುಟವನ್ನು ಮಾತ್ರ ಅಂಗಿಯ ಜೇಬಿನಲ್ಲಿ, ಎದೆಗೆ ಹತ್ತಿರ ಇಟ್ಟುಕೊಂಡ. ಹೊರಡುವಾಗ ಉಮಾವತಿ ಅವನ ತಲೆಯಿಂದ ಕೆಂಪು ಟೊಪ್ಪಿಯನ್ನು ಕಿತ್ತುಕೊಂಡಳು. "ಫ್ರಾನ್ಸಿಗೆ ಹೋಗುವವರು ಇದನ್ನು ಹಾಕ್ತಾರಾ? ಅಲ್ಲಿಯವರು ಎಂತ ಹೇಳಿಯಾರು?"

ಕಾರು ಓಡಿಸಿದವರು ಈರವ್ವನ ಗಂಡ ಚನ್ನಪ್ಪ. ಅಂಗಡಿಯ ಮ್ಯಾನೇಜರೂ ಅವರೇ, ರಜೆಗೆ ಸಹಿ ಹಾಕಿದವರೂ ಅವರೇ. ದಾರಿಯುದ್ದಕ್ಕೂ ಬೋಳುಗುಡ್ಡಗಳು ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ್ದವು. ಕೊಗ್ಗ ಅವುಗಳ ತಲೆಗೆ ಹಿಮ ಹಾಕಿ ನೋಡುತ್ತ, ಬುಡದಲ್ಲೊಂದು ಹೊಳೆ ಹರಿಸುತ್ತ ಮಸ್ಕತ್ ಮುಟ್ಟಿದ.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಸೂಟ್‌ಕೇಸನ್ನು ತೂಗಿದಳು. ಮೂವತ್ತು. ಅವಳ ನಗು ನೋಡಿ ಕೊಗ್ಗನಿಗೆ ಹೆಮ್ಮೆಯಾಯಿತು.

"ಪಾಸ್‌ಪೋರ್ಟ್, ಸರ್?"

ಕೊಗ್ಗ ಅಂಗಿಯ ಜೇಬು ಮುಟ್ಟಿ ನೋಡಿದ. ಪ್ಯಾಂಟಿನ ಜೇಬು ಮುಟ್ಟಿ ನೋಡಿದ. ಆಮೇಲೆ ಉಮಾವತಿ ಎರಡು ಸಲ ಹೇಳಿದ್ದು, ತಾನು ಎರಡು ಸಲ ಹೂಂಗುಟ್ಟಿದ್ದು ನೆನಪಾಯಿತು. ಆದರೂ ಸುಳ್ಳು ಆಸೆಯಿಂದ ಅಲ್ಲೇ ಸೂಟ್‌ಕೇಸು ಬಿಚ್ಚಿದ. ರೊಟ್ಟಿ ಬಂತು, ಮೇಣದಬತ್ತಿ ಬಂತು, ಪಂಪಿನ ಚಕ್ರ ಬಂತು. ಕ್ಯಾನಿನ ಬಾಯಿಂದ ಒಂದೊಂದಾಗಿ ನಾಲ್ಕು ಬನಿಯನ್ ಬಂದವು. ಹಿಂದೆ ಸಾಲಿನಲ್ಲಿದ್ದವರು ಮುಂದೇನು ಬರುತ್ತದೋ ಎಂದು ಕತ್ತು ಉದ್ದ ಮಾಡಿದರು.

ಫೋನು ಮಾಡಿದಾಗ ಉಮಾವತಿ ಕೋಣೆಗೆ ಓಡಿ ನೋಡಿ ಬಂದು ಹೇಳಿದಳು. "ಜಾಕೆಟ್ ಮಂಚದ ಮೇಲೆ ಉಂಟು. ಪಿನ್ನು ಸಹ ಹಾಗೇ ಉಂಟು."

ಗಂಟೆ ಹತ್ತಾಗಿತ್ತು. ಯಾರು ಎಷ್ಟು ಜೋರಾಗಿ ತಂದರೂ ಹನ್ನೊಂದೂವರೆ. ಕೌಂಟರು ಮುಚ್ಚುವುದು ಹನ್ನೊಂದಕ್ಕೆ. ಕೈ ಮುಗಿದದ್ದಾಯಿತು, ಹಿಂದಿಯಲ್ಲಿ ಬೇಡಿದ್ದಾಯಿತು, ಚನ್ನಪ್ಪನವರ ಅರಬಿ ಭಾಷಣವೂ ಆಯಿತು. ಅವನ ಅಗ್ಗದ ಟಿಕೇಟಿಗೆ ಮುಂದಿನ ಸೀಟು ಸಿಗುವುದು ಒಂಬತ್ತನೇ ದಿನಕ್ಕೆ ಅಂದರು. ಕೊಗ್ಗನ ವೀಸಾ ಎಂಟನೇ ದಿನಕ್ಕೆ ಮುಗಿಯುತ್ತಿತ್ತು.

"ಖಲಾಸ್," ಅಂದರು ಚನ್ನಪ್ಪ, ಮೆಲ್ಲಗೆ. "ಸ್ಯಾವಿಯೋಗ ಫೋನ್ ಹಚ್ಚಿ ಹೇಳಿಬಿಡ್ತೀನಿ, ನೀ ಹೋಗಲಿಲ್ಲಂತ."

"ಬೇಡ ಚನ್ನಪ್ಪಣ್ಣ, ನಿಮ್ಮ ಕಾಲಿಗೆ ಬೀಳ್ತೇನೆ!" ಕೊಗ್ಗ ಅವರ ಕೈಯನ್ನೇ ಹಿಡಿದುಕೊಂಡ. "ಅವನಿಗೆ ಗೊತ್ತಾದ್ರೆ ನಿಜ್ವಾ ಇಡೀ ಗೊತ್ತಾದ ಹಾಗೆ. ಮಧ್ಯಾಹ್ನ ಮುಚ್ಚಿದ ಅಂಗಡಿ ನಾಲ್ಕು ಗಂಟೆಗೆ ತೆಗೆದಾಗ ನಾನೇ ಹೋಗಿ ಹೇಳ್ತೇನೆ. ಅಷ್ಟರ ತನಕ ನಾನು ವಿಮಾನದಲ್ಲಿ ಇದ್ದೇನೆ ಅಂತಲೇ ಇರಲಿ."

ಚನ್ನಪ್ಪ ಫೋನನ್ನು ಜೇಬಿಗೆ ಹಾಕಿಕೊಂಡರು.

ಹಿಂದಿರುಗುವಾಗ ನಿಜ್ವಾ ದಾರಿಯ ಇಜ್ಕಿ ಎಂಬ ಊರಿನ ಹತ್ತಿರ, ಹೋಗುವವರೂ ಬರುವವರೂ ನಿಲ್ಲಿಸುವ ಒಂದು ಚಾ ಅಂಗಡಿಯಲ್ಲಿ ಇಳಿದರು. ಪಕ್ಕದ ಮೇಜಿನಲ್ಲಿ ಬಿಳಿ ಕೂದಲಿನ ವಿದೇಶಿ ಹೆಂಗಸೊಬ್ಬಳು ಆತುರಾತುರವಾಗಿ ಚಾ ಕುಡಿಯುತ್ತಿದ್ದಳು, ಹೊರಗೆ ಅವಳ ಟ್ಯಾಕ್ಸಿಯವನು ಹಾರ್ನು ಹೊಡೆಯುತ್ತಿದ್ದ. ಎಪ್ಪತ್ತಾದರೂ ಆಗಿರಬೇಕು. ಅವಳು ಕೊಗ್ಗನನ್ನು ನೋಡಿದಳು. ಲೋಟ ಕೆಳಗಿಟ್ಟು ಮತ್ತೊಮ್ಮೆ ನೋಡಿದಳು, ಅವನ ಬೋಳು ತಲೆಯನ್ನು ನೋಡಿ ಅನುಮಾನಿಸಿದಳು, ಆಮೇಲೆ ತನ್ನಷ್ಟಕ್ಕೇ ನಕ್ಕು ಕೈ ಬೀಸಿದಳು.

ಜಗತ್ತಿನಲ್ಲಿ ಎಲ್ಲರೂ ಎಲ್ಲಿಗೋ ಹೋಗಿ ಬರುತ್ತಾರೆ, ತಾನೊಬ್ಬನೇ ಹೋಗಲಾರದವನು ಅಂದುಕೊಂಡ ಕೊಗ್ಗ. ತಿರುಗಾಡುವವರ ಖುಷಿಯನ್ನು ಆ ಹೊತ್ತಿಗೆ ಅವನು ಸಹಿಸುವಂತಿರಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಹೆಂಗಸು ಚೀಲ ಎತ್ತಿಕೊಂಡು ಓಡಿದಳು, ಟ್ಯಾಕ್ಸಿ ಮಸ್ಕತ್ತಿನ ಕಡೆ ಹೋಯಿತು.

ನಾಲ್ಕು ಗಂಟೆಗೆ ಕೊಗ್ಗ ಅಂಗಡಿಯ ಹಿಂಬಾಗಿಲಿನಿಂದ, ಪಂಪಿನ ಚಕ್ರವನ್ನು ಕಂಕುಳಲ್ಲಿ ಹಿಡಿದು ಒಳಗೆ ಬಂದ. ಅವನನ್ನು ಕಂಡು ಸ್ಯಾವಿಯೋ ಶಿಲುಬೆಯ ಗುರುತು ಮಾಡಿಕೊಂಡ.

"ಕೊಗ್ಗಣ್ಣ! ನೀವು ಹೋಗ್ಲಿಲ್ವಾ?"

"ಇಲ್ಲ ಮಾರಾಯ. ಈಗ ನಗುವುದಾದರೆ ನಕ್ಕುಬಿಡು."

ಸ್ಯಾವಿಯೋ ನಗಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತ. "ಹನ್ನೆರಡು ಗಂಟೆಗೆ ಒಂದು ಫ್ರೆಂಚ್ ಅಜ್ಜಿ ಬಂದಿದ್ರು. ನಿಕೋಲ್ ಅಂತ ಹೆಸರು. ಪಂಪ್ ಕಂಪನಿಯ ಪಾರ್ಸೆಲ್ ವಿಭಾಗದಲ್ಲಿದ್ದವರಂತೆ, ಈಗ ರಿಟೈರ್ ಆಗಿದ್ದಾರೆ. ಪ್ರತಿ ವರ್ಷ ನೀವು ಕಟ್ಟಿದ ಹಗ್ಗ ಬಿಚ್ಚುತ್ತಾ ಇದ್ದದ್ದು ಅವರೇ ಅಂತೆ. 'ಇಷ್ಟು ಗಟ್ಟಿ ಗಂಟು ಹಾಕೋದು ಯಾರು' ಅಂತ ಕೇಳಿದ್ರು."

ಕೊಗ್ಗ ಚಕ್ರವನ್ನು ಮೆಲ್ಲಗೆ ನೆಲಕ್ಕಿಟ್ಟ.

ಸ್ಯಾವಿಯೋ ಮೇಜಿನ ಮೇಲಿಂದ ಅಜ್ಜಿ ಬಿಟ್ಟುಹೋಗಿದ್ದ ಒಂದು ಮಾಸಿದ ಹಾಳೆಯನ್ನು ಎತ್ತಿ ಅವನ ಮುಂದೆ ಹಿಡಿದ. ಅಂಗಡಿಯ ಹಳೆಯ ಕ್ಯಾಲೆಂಡರಿನ ಪುಟ. ಖರ್ಜೂರದ ಮರದ ಕೆಳಗೆ ಕೆಂಪು ಟೊಪ್ಪಿಯ ಕೊಗ್ಗ, ಕೈಯಲ್ಲಿ ಚಾದ ಲೋಟ.

"ಇದನ್ನು ಅಡುಗೆಮನೆಯಲ್ಲಿ ನೇತು ಹಾಕಿದ್ರಂತೆ. ಗಂಡ ತೀರಿಹೋದ ಮೇಲೆ ದಿನಾ ಬೆಳಿಗ್ಗೆ ನಿಮ್ಮ ಎದುರಿಗೆ ಕೂತು ಕಾಫಿ ಕುಡೀತಾ ಇದ್ರಂತೆ. ಒಬ್ಬರೇ ಕುಡಿದ ಹಾಗೆ ಆಗೋದಿಲ್ಲ ಅಂತ. ಒಂದು ಸಲ ಈ ಮರದ ಕೆಳಗೆ, ಈ ಮನುಷ್ಯನ ಹತ್ತಿರ ಕೂತು ಚಾ ಕುಡಿಬೇಕು ಅಂತ ಆಸೆ ಅವರಿಗೆ. ಒಂದು ವಾರಕ್ಕೆ ಬಂದವರು, ನಿನ್ನೆಯಷ್ಟೇ ಇಳಿದದ್ದು."

"ಮತ್ತೆ ನೀನು ಎಂತ ಹೇಳಿದೆ?"

"ಎಂತ ಹೇಳೋದು? ಅವರು ನಿಮ್ಮ ಊರಿಗೇ ಹೋದ್ರು ಅಂದೆ. ಹದಿನೇಳು ವರ್ಷದಿಂದ ಒಂದು ಸೇತುವೆ, ಒಂದು ನೀಲಿ ಕಿಟಕಿ ಅಂತ ಬಡಕೊಳ್ತಾ ಇದ್ರು, ಅದನ್ನು ನೋಡ್ಲಿಕ್ಕೇ ಹೋದ್ರು ಅಂದೆ." ಸ್ಯಾವಿಯೋ ತಲೆ ತಗ್ಗಿಸಿದ. "ಅದನ್ನು ಕೇಳಿದ್ದೇ ಅಜ್ಜಿ ಎದ್ದು ನಿಂತ್ರು. ಆ ಕಿಟಕಿ ಅವರದ್ದೇ ಅಂತೆ ಕೊಗ್ಗಣ್ಣ. ಮಗನಿಗೆ ಫೋನ್ ಮಾಡಿ ಇವತ್ತು ಸಂಜೆ ಐದು ಗಂಟೆಯ ವಿಮಾನಕ್ಕೇ ಟಿಕೇಟ್ ಬದಲು ಮಾಡಿಸಿದ್ರು. ನಾನು ಕೂತ್ಕೊಳ್ಳಿ, ಚಾ ಆದ್ರೂ ಕುಡೀರಿ ಅಂದೆ. ಕೇಳ್ಲಿಲ್ಲ. 'ಅವನು ಅಷ್ಟು ದೂರದಿಂದ ಬಂದು ಸೇತುವೆ ಮೇಲೆ ನಿಂತಾಗ ಕಿಟಕಿ ಮುಚ್ಚಿರಬಾರದು' ಅಂದ್ರು."

ಗೋಡೆಯ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಅಷ್ಟು ಹೊತ್ತಿಗೆ ಐದರ ವಿಮಾನದ ಕೌಂಟರೂ ಮುಚ್ಚಿರುತ್ತದೆಂದು ಕೊಗ್ಗನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

"ಫೋನ್ ನಂಬರ್ ತಗೊಂಡ್ಯಾ?"

"ಅದು ಹೊಳೀಲಿಲ್ಲ. ಒಂದು ಸೆಲ್ಫಿ ತಗೊಂಡೆ."

ಸ್ಯಾವಿಯೋ ಫೋನು ಮುಂದೆ ಚಾಚಿದ. ಕೊಗ್ಗ ನೋಡಿದ. ಬಿಳಿ ಕೂದಲು, ಅದೇ ನಗು.

ಅವನು ಫೋನನ್ನು ಸ್ಯಾವಿಯೋನ ಕೈಗೆ ಹಿಂದಕ್ಕೆ ಕೊಟ್ಟ. ಆಮೇಲೆ ಹೊರಗೆ ಹೋಗಿ ಖರ್ಜೂರದ ಮರದ ಕೆಳಗೆ, ತನ್ನ ಹಳೆಯ ಸ್ಟೂಲಿನ ಮೇಲೆ ಕೂತ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಉಮಾವತಿ.

"ಎಲ್ಲಿದ್ದೀರಿ? ಬೇಜಾರು ಮಾಡ್ಬೇಡಿ ಆಯ್ತಾ? ಈರವ್ವಕ್ಕ ಕೊಕ್ಕೆ ಕೇಳ್ತಾ ಇದ್ದಾರೆ, ಸ್ಯಾವಿಯೋ ನಾಳೆ ಊರಿಗೆ ಹೋಗ್ತಾನಂತೆ. ನಿಮಗೆ ರಜೆ ಬೇಡ ಆಯ್ತಲ್ಲ, ಈಗಷ್ಟೇ ಫೋನ್ ಮಾಡಿ ಅವನಿಗೆ ಕೊಟ್ಟರಂತೆ ಚನ್ನಪ್ಪಣ್ಣ." ಅವಳು ತಡೆದು, ದನಿ ತಗ್ಗಿಸಿದಳು. "ಕಿಟಕಿ ಯಾರದ್ದು ಅಂತ ಗೊತ್ತಾಗದೆ ಹಾಗೇ ಉಳೀತಲ್ಲ ಅಂತ ನನಗೂ ಬೇಸರ."

"ಗೊತ್ತಾಯ್ತು," ಅಂದ ಕೊಗ್ಗ.

"ಹೌದಾ? ಯಾರದ್ದು?"

"ಒಬ್ಬರು ಅಜ್ಜಿಯದ್ದು. ಮಧ್ಯಾಹ್ನ ಇಜ್ಕಿಯಲ್ಲಿ ಸಿಕ್ಕಿದ್ರು. ನನ್ನನ್ನು ನೋಡಿ ಕೈ ಬೀಸಿದ್ರು."

"ಅಯ್ಯೋ ದೇವರೇ! ನೀವೆಂತ ಮಾಡಿದ್ರಿ?"

ಕೊಗ್ಗ ಬರಿದಲೆಯನ್ನು ಒಮ್ಮೆ ಸವರಿಕೊಂಡ.

"ಮುಖ ತಿರುಗಿಸಿದೆ," ಅಂದ.