ಟೈಲರರ ಗ್ಯಾಸ್‌ಲೈಟು, ಬ್ಯಾಂಡ್ ಮಾಸ್ತರರ ಕೋಟು

ಟೈಲರರು ತಮ್ಮ ಹೊಲಿಗೆಯನ್ನು ಯಾರಾದರೂ ಹಳಿದರೆ ಸಹಿಸಿಕೊಳ್ಳುತ್ತಿದ್ದರು. ಪಂಪು ಹೊಡೆದು ಉರಿಸುವ ತಮ್ಮ ಸೀಮೆಎಣ್ಣೆ ಗ್ಯಾಸ್‌ಲೈಟನ್ನು ಹಳಿದರೆ ಮಾತ್ರ ಸಹಿಸುತ್ತಿರಲಿಲ್ಲ. ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ವಾರವಾಗಿತ್ತು. ಅಂದಿನಿಂದ ಆ ಹಿತ್ತಾಳೆ ಹೊಟ್ಟೆಯ ಮಹಾಶಯ ಹೊಲಿಗೆ ಮಿಷನ್ನಿನ ಮೇಲೆ ನೇತಾಡುತ್ತ, ಉರಿಯುವುದಕ್ಕಿಂತ ಹೆಚ್ಚಾಗಿ ಬಿಕ್ಕಳಿಸುತ್ತಿದ್ದ. ಆ ಬಿಕ್ಕಳಿಕೆಯ ಬೆಳಕಿನಲ್ಲೇ ಬ್ಯಾಂಡ್ ಮಾಸ್ತರರ ಕರಿ ಕೋಟು ಹೊಲಿದಾಗಿತ್ತು. ಗುಂಡಿ ಹಾಕುವುದೊಂದೇ ಬಾಕಿ. ಬೆಳಗಾದರೆ ಮಾಸ್ತರರು ಅದನ್ನು ತೊಟ್ಟು ಬ್ಯಾಂಡಿನ ಮುಂದೆ ನಿಲ್ಲಬೇಕು. ಸಂಜೆಯೇ ಬಂದು ಒಯ್ಯುತ್ತೇನೆಂದಿದ್ದರು.

“ರೀ, ಅದಕ್ಕೆ ವಯಸ್ಸಾಯ್ತು. ಪಕ್ಕದ ಮನೆಯಿಂದ ಒಂದು ಲೈಟು ಕೇಳಿ ತರ್ಲಾ?” ಎಂದರು ಹೆಂಡತಿ.

“ವಯಸ್ಸಾದದ್ದನ್ನೆಲ್ಲ ಬದಲಾಯಿಸ್ತಾ ಹೋದ್ರೆ ನನ್ನ ಗತಿ ಏನು?”

“ನಿಮಗೇನೂ ಭಯ ಇಲ್ಲ. ನಿಮ್ಮ ಬದಲಿಗೆ ಯಾರೂ ಏನೂ ಕೊಡಲ್ಲ.”

ಟೈಲರರು ದೀಪದ ಚಿಕಿತ್ಸೆಗೆ ಕುಳಿತರು. ಒಳಗಿನ ಗಾಳಿ ಬಿಡುವ ತಿರುಪು ಸಡಿಲಿಸಿದರು. ದೀಪ ಉಸ್ಸೆಂದು ಆರಿತು. ಅಡುಗೆಮನೆಯಿಂದ ತಂದ ಬುಡ್ಡಿದೀಪದ ಮುಂದೆ ಗ್ಯಾಸ್‌ಲೈಟಿನ ಎಣ್ಣೆ ಚಿಮ್ಮುವ ಸೂಜಿರಂಧ್ರಕ್ಕೆ ಪಿನ್ನು ಚುಚ್ಚಿ ನೋಡಿದರು. ಅಲ್ಲಿ ಕಸವಿಲ್ಲ. ಪಂಪು ಒತ್ತಿದರು. ಕೈಗೆ ತಡೆಯೇ ಸಿಗಲಿಲ್ಲ. ಪಂಪಿನ ಕಡ್ಡಿಯನ್ನು ಹೊರಗೆಳೆದರೆ, ಅದರ ತುದಿಯ ಚರ್ಮದ ವಾಷರು ಒಣಗಿ ಮುದುಡಿಕೊಂಡಿತ್ತು.

“ರೋಗ ಸಿಕ್ತು. ಗಾಳಿಯೆಲ್ಲ ಪಕ್ಕದಿಂದ ಜಾರ್ಕೊಳ್ತಿದೆ.”

ಮಿಷನ್ನಿಗೆ ಬಿಡುವ ಎಣ್ಣೆಯನ್ನೇ ಸವರಿ, ಚರ್ಮ ಮೆತ್ತಗಾಗುವವರೆಗೆ ಉಜ್ಜಿ, ಅದರ ಅಂಚನ್ನು ಕೊಡೆಯಂತೆ ಅಗಲಿಸಿ ಒಳಗೆ ಕೂರಿಸಿದರು. (ಇಷ್ಟು ನಾಜೂಕಿನಿಂದ ಅವರು ಹೆಂಡತಿಯ ರವಿಕೆಯನ್ನೂ ಹೊಲಿದವರಲ್ಲ.) ಲೈಟಿನೊಳಗಿನ ಪುಟ್ಟ ಬಟ್ಟಲಿಗೆ ಸ್ಪಿರಿಟ್ ಹಾಕಿ ಬೆಂಕಿ ಕೊಟ್ಟರು.

“ಹೊಡೀರಿ ಪಂಪು.”

“ತಾಳು. ಮೊದಲು ಕೊಳವೆ ಕಾಯ್ಬೇಕು. ಅವಸರ ಮಾಡಿದ್ರೆ ಮುಖಕ್ಕೇ ಉರಿ ಕಾರ್ತಾನೆ.”

“ನನ್ನ ಸ್ವಭಾವನೂ ಅದೇ. ನನಗೋಸ್ಕರ ಒಂದು ದಿನಾನಾದ್ರೂ ಹೀಗೆ ಕಾದಿದ್ದೀರಾ?”

ಸ್ಪಿರಿಟ್ ಉರಿದು ತೀರುತ್ತಿದ್ದಂತೆ ಟೈಲರರು ತಿರುಪು ಬಿಗಿದು ಪಂಪು ಹೊಡೆದರು. ಬತ್ತಿಯ ಜಾಗದಲ್ಲಿದ್ದ ಮ್ಯಾಂಟಲಿನ ಬಲೆಚೀಲ ಕೆಂಪಾಗಿ, ಹಳದಿಯಾಗಿ, ಹಾಲಿನಂತೆ ಬೆಳ್ಳಗಾಯಿತು. ವಾರದಿಂದ ಮಬ್ಬಾಗಿದ್ದ ಕೋಣೆಯಲ್ಲಿ ಹಗಲು ಹರಿಯಿತು. ಮೂಲೆಯ ಜೇಡರ ಬಲೆ ಕಂಡಿತು. ಕಳೆದುಹೋಗಿದೆಯೆಂದು ಜಗಳವಾಡಿದ್ದ ಕತ್ತರಿ ಕಂಡಿತು. ಗೂಟದಲ್ಲಿದ್ದ ಕೋಟೂ ಕಂಡಿತು.

ಕೋಟು ಕರಿ. ಅದರ ಎಡತೋಳು ಕಡುನೀಲಿ.

“ರೀ, ಇದು ಡಾಕ್ಟರು ಪ್ಯಾಂಟಿಗೆ ಕೊಟ್ಟ ಬಟ್ಟೆ ಅಲ್ವಾ?”

“ಹೌದು.”

“ಹಾಗಾದ್ರೆ ಡಾಕ್ಟರಿಗೆ?”

“ಉಳಿದದ್ದು ಚಡ್ಡಿಗೆ ಸಾಕು.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬ್ಯಾಂಡ್ ಮಾಸ್ತರರ ಬೂಟಿನ ಸದ್ದು. ಟೈಲರರು ಜೀವಮಾನದಲ್ಲೇ ಇಷ್ಟು ಚುರುಕಾಗಿರಲಿಲ್ಲ: ಹಾರಿ ಗಾಳಿ ತಿರುಪು ಬಿಚ್ಚಿದರು. ಮಹಾಶಯ ನಿಟ್ಟುಸಿರುಬಿಟ್ಟು ಆರಿದ.

“ಲೈಟು ಕೆಟ್ಟಿದೆ ಮಾಸ್ತರೇ. ಗುಂಡಿ ಹಾಕಿಲ್ಲ. ಬೆಳಗ್ಗೆ ನಾನೇ ಮನೆಗೆ ತಂದ್ಕೊಡ್ತೀನಿ,” ಎಂದರು ಬುಡ್ಡಿದೀಪಕ್ಕೆ ಬೆನ್ನು ಅಡ್ಡಹಿಡಿದು.

ಮಾಸ್ತರರು ಆಗಲೇ ತಡಕಾಡಿ ಕೋಟು ತೊಟ್ಟುಕೊಂಡಿದ್ದರು. “ಆಹಾ, ಮೈಗೆ ಎರಕ ಹೊಯ್ದ ಹಾಗಿದೆ. ಗುಂಡಿಗೇನು, ಲೈಟು ನಾನು ಸರಿಮಾಡ್ತೀನಿ. ರಾತ್ರಿ ಮೆರವಣಿಗೆಗೆಲ್ಲ ನಮ್ಮ ಪಕ್ಕ ಇಂಥವೇ ಸಾಲಾಗಿ ಬರ್ತವೆ.”

“ಬೇಡ ಮಾಸ್ತರೇ, ಕೈಗೆ ಮಸಿ ಆಗತ್ತೆ.”

“ಕರಿ ಕೋಟಿಗೆ ಮಸಿ ಏನು ಲೆಕ್ಕ? ಅಯ್ಯೋ, ಗಾಳಿ ತಿರುಪು ಬಿಚ್ಚಿಟ್ಟಿದ್ದೀರಲ್ಲ ಟೈಲರೇ. ಇಷ್ಟೇ ರೋಗ.”

ಮಾಸ್ತರರು ತಿರುಪು ಬಿಗಿದು ಒಂದೆರಡು ಸಲ ಗಾಳಿ ಹೊಡೆದರು. ಕಡ್ಡಿ ಗೀರಿದರು. ಇನ್ನೂ ಬಿಸಿಯಾಗಿದ್ದ ದೀಪ ತಟ್ಟನೆ ಹಿಡಿದುಕೊಂಡಿತು. ಮಾಸ್ತರರು ಎಡಗೈಯಿಂದ ಪಂಪು ಹೊಡೆಯತೊಡಗಿದರು. ಒಂದೊಂದು ಒತ್ತಿಗೂ ಆ ತೋಳು ಒಂದಿಷ್ಟು ನೀಲಿಯಾಗುತ್ತ ಬಂತು.

“ವಾಷರು ಚೆನ್ನಾಗಿ ಹಿಡಿದಿದೆ ಕಣ್ರೀ,” ಎಂದು ಹೆಂಡತಿ ಮೆಲ್ಲಗೆ ಪಿಸುಗುಟ್ಟಿದರು.

ಮಾಸ್ತರರ ಕೈ ನಿಂತಿತು. ಎರಡೂ ತೋಳುಗಳನ್ನು ಜೋಡಿಸಿ ಬೆಳಕಿಗೆ ಹಿಡಿದು ನೋಡಿದರು. ಟೈಲರರು ನೆಲ ನೋಡಿದರು.

“ಕರಿ ಬಟ್ಟೆ ಉಳಿದಿದ್ಯಾ?”

“ಒಂದು ತೋಳಿಗಾಗೋಷ್ಟು ಇದೆ.”

ಮಾಸ್ತರರು ಕೋಟು ಬಿಚ್ಚಿ ಟೈಲರರ ಮಡಿಲಿಗೆ ಹಾಕಿದರು. ಸ್ಟೂಲು ಎಳೆದುಕೊಂಡು ಲೈಟಿನ ಪಕ್ಕ ಕುಳಿತು ಪಂಪಿನ ಮೇಲೆ ಕೈಯಿಟ್ಟರು.

“ಹೊಲೀರಿ. ಬೆಳಕು ಸಾಲ್ಲಿಲ್ಲ ಅಂತ ಮಾತ್ರ ಹೇಳ್ಬೇಡಿ. ಮುಗಿಯೋವರೆಗೂ ಗಾಳಿ ಹಾಕೋಕೆ ನಾನಿದ್ದೀನಿ.”