ಹೊಳೆಗೆ ಬೀಗ ಹಾಕುವ ಸಾರಂಗದ ಸನ್ನಿಧಿಗೆ

ಮಾನ್ಯ ಸಾರಂಗ ಮಹಾಶಯರೇ,

ಡ್ಯಾನ್ಯೂಬ್ ಹೊಳೆಯ ಆಚೆದಡದ ಜೌಗುಕಾಡಿನಲ್ಲಿ ತಾವೂ ತಮ್ಮ ಮಡದಿಯರೂ ತಮ್ಮ ಕೊಂಬುಗಳೂ ಕ್ಷೇಮವೆಂದು ನಂಬಿ, ಈಚೆದಡದ ಊಟದ ಮನೆಯ ಅಡುಗೆಕೋಣೆಯಿಂದ ಮಾಡುವ ನಮಸ್ಕಾರಗಳು. ಕಾಗದಕ್ಕೆ ಈರುಳ್ಳಿಯ ವಾಸನೆ ಹತ್ತಿದ್ದರೆ ಕ್ಷಮಿಸಬೇಕು. ತಮ್ಮ ಮೂಗು ಬಹಳ ಚುರುಕೆಂದು ಬೇಟೆಯವರು ಹೇಳುತ್ತಾರೆ.

ಪ್ರತಿ ಆಗಸ್ಟಿನಲ್ಲಿ ಯೇಸುಸ್ವಾಮಿಯ ರೂಪಾಂತರದ ಹಬ್ಬದಂದು ತಾವು ಕಾಡಿನಿಂದ ಇಳಿದು ಬಂದು ನಮ್ಮ ಹೊಳೆಯಲ್ಲಿ ಉಚ್ಚೆ ಹೊಯ್ಯುತ್ತೀರಿ, ಅಲ್ಲಿಂದಾಚೆ ನೀರು ತಣ್ಣಗಾಗುತ್ತದೆ, ಇಳಿದವರಿಗೆ ಜ್ವರ ಬರುತ್ತದೆ ಎಂಬುದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆ ದಿನದಿಂದ ಹೊಸ ದ್ರಾಕ್ಷಿ ತಿನ್ನಬಹುದು, ನೀರಿಗೆ ಮಾತ್ರ ಕಾಲಿಡುವಂತಿಲ್ಲ. ನಮ್ಮ ಪುರಸಭೆಗೆ ರಸ್ತೆಯ ಒಂದು ಗುಂಡಿಯನ್ನು ಮುಚ್ಚಲು ಮೂರು ಬೇಸಿಗೆ ಸಾಲಲಿಲ್ಲ. ತಾವಾದರೋ ಎಷ್ಟೋ ದೇಶ ದಾಟಿ ಬಂದ ನದಿಯನ್ನೇ ಒಂದು ಕಾಲೆತ್ತುವಷ್ಟರಲ್ಲಿ ಮುಚ್ಚಿಬಿಡುತ್ತೀರಿ. ಇಂಥ ಆಡಳಿತ ನಮಗೆಲ್ಲಿ ಸಿಗಬೇಕು?

ಆದರೂ ಒಂದು ಅಹವಾಲಿದೆ. ಈ ಬೇಸಿಗೆಯಲ್ಲಿ ಒಮ್ಮೆಯಾದರೂ ಕುತ್ತಿಗೆವರೆಗೆ ಹೊಳೆಗಿಳಿಯಬೇಕೆಂಬುದೊಂದೇ ನನ್ನ ಆಸೆಯಾಗಿತ್ತು. ಅದಕ್ಕೆಂದು ಕೊಂಡ ನೀಲಿ ಈಜುಡುಗೆ ಹಿಟ್ಟಿನ ಚೀಲದ ಹಿಂದೆ ನೇತಾಡುತ್ತಲೇ ಇದೆ. ಬೆಳಿಗ್ಗೆ ಸೊಂಬೋರ್, ಸುಬೊಟಿತ್ಸಾ ಊರುಗಳಿಂದ ಬಸ್ಸುಗಟ್ಟಲೆ ಜನ ಬರುತ್ತಾರೆ, ಕಲ್ಲಂಗಡಿಗಳನ್ನು ಬಲೆಚೀಲದಲ್ಲಿ ಕಟ್ಟಿ ನೀರಿಗೆ ಬಿಡುತ್ತಾರೆ, ಅವರೂ ಅವುಗಳ ಪಕ್ಕದಲ್ಲೇ ತೇಲುತ್ತಾರೆ. ನಾನು ಒಲೆಯ ಮೇಲಿನ ಕಿಟಕಿಯಿಂದ ಅದನ್ನು ನೋಡುತ್ತಾ ಮೀನಿನ ಸಾರಿಗೆ ಶಾವಿಗೆ ಕತ್ತರಿಸುತ್ತೇನೆ. ಒಮ್ಮೆ ಮೈಯಿಂದ ನೀರಿಳಿಸುತ್ತಿದ್ದ ಹೆಂಗಸೊಬ್ಬಳು ಕಿಟಕಿಗೆ ಒರಗಿ, "ಹೊಳೆ ಪಕ್ಕಾನೇ ಇದೀಯಲ್ಲೇ ಹುಡುಗಿ, ಪುಣ್ಯವಂತೆ ಕಣೇ ನೀನು! ಸಾರಿಗೆ ಒಂಚೂರು ಖಾರ ಜಾಸ್ತಿ ಹಾಕು" ಎಂದಳು. ಖಾರ ಹಾಕಿದೆ. ಜಾಸ್ತಿಯೇ ಹಾಕಿದೆ.

ನಮ್ಮ ಅಡುಗೆಯ ಯಜಮಾನಿ ಪೆರ್ಸಿದಾ ಅತ್ತೆ ಈ ದಡದಲ್ಲಿ ತಮ್ಮ ರಾಯಭಾರಿ ಎಂಬುದು ತಮಗೆ ತಿಳಿದಿರಲಿಕ್ಕಿಲ್ಲ. ನಿನ್ನೆ ಹಬ್ಬದ ದಿನ ಅವರು ಬಾಯಲ್ಲಿ ದ್ರಾಕ್ಷಿ, ಕೈಯಲ್ಲಿ ಸೌಟು ಹಿಡಿದು ಮರಳಿನ ಮೇಲೆ ನಿಂತು, "ಏಳ್ರೋ, ಏಳ್ರಿ! ಸಾರಂಗ ಹೊಯ್ದು ಆಯ್ತು! ಇನ್ನು ನೀರಲ್ಲಿ ಕೂತು ಸೊಂಟ ಹಿಡ್ಕೊಂಡ್ರೆ ನನ್ನ ಕೇಳ್ಬೇಡಿ!" ಎಂದು ಸಾರಿದರು. ಹುಡುಗರು ನಕ್ಕರು, ಆದರೆ ಅವರ ಅಜ್ಜಿಯರು ನಗದೆ ಟವೆಲು ಮಡಚಿದರು. ಸಂಜೆಯ ಹೊತ್ತಿಗೆ ದಡ ಖಾಲಿ. ಇಡೀ ಬೇಸಿಗೆಯಲ್ಲಿ ನನ್ನ ಮೊದಲ ರಜೆ ಇಂದು, ಹಬ್ಬದ ಮಾರನೆಯ ದಿನ. ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. "ಅತ್ತೆ, ಒಂದೇ ಒಂದು ಮುಳುಗು…" ಎಂದೆ. "ಮುಳುಗ್ತಾಳಂತೆ! ಜ್ವರ ಬಂದ್ರೆ ಕಷಾಯ ಕಾಯಿಸೋರ್ಯಾರು, ಸಾರಂಗಾನಾ?" ಎಂದರು.

ಆದಕಾರಣ ತಾವು ದಯಮಾಡಿ ಮುಂದಿನ ವರ್ಷದಿಂದ ಈ ಶುಭಕಾರ್ಯವನ್ನು ನವೆಂಬರಿಗೆ ಮುಂದೂಡಬೇಕು. ಅಷ್ಟು ತಡೆಯಲಾಗದಿದ್ದರೆ ನಮ್ಮೂರಿನಿಂದ ಕೆಳಗೆ ಹೋಗಿ ಮುಗಿಸಬೇಕು. ಅಲ್ಲಿಂದ ಅದು ಹರಿದು ಕಪ್ಪು ಸಮುದ್ರ ಸೇರುತ್ತದೆ, ಅಲ್ಲಿ ನಮಗೆ ನೆಂಟರಿಲ್ಲ.

ಇಷ್ಟು ಬರೆದು, ಮಧ್ಯಾಹ್ನದ ಬಿಸಿಲಿನಲ್ಲಿ, ಯಾರೋ ನೀರಿನಲ್ಲೇ ಮರೆತುಹೋದ ಕಲ್ಲಂಗಡಿಯನ್ನು ತರೋಣವೆಂದು ದಡಕ್ಕೆ ಹೋದೆ. ನೀರವಂಜಿ ಮರದ ಮರೆಯಲ್ಲಿ ಕಲ್ಲಂಗಡಿ ತೇಲುತ್ತಿತ್ತು. ಅದರ ಪಕ್ಕದಲ್ಲಿ ತಲೆವಸ್ತ್ರ ಕಟ್ಟಿದ ಇನ್ನೊಂದು ಕಲ್ಲಂಗಡಿ. ಅದು ಕಣ್ಣುಬಿಟ್ಟಿತು. ಪೆರ್ಸಿದಾ ಅತ್ತೆ!

"ಏನು ಹಂಗೆ ನೋಡ್ತೀಯ? ಕಾಲು ತೊಳ್ಕೊಳ್ತಿದೀನಿ."

"ಕುತ್ತಿಗೆವರೆಗೂ ಕಾಲಾ ಅತ್ತೆ?" ನನ್ನ ಬಾಯಿಂದ ಅದು ಹೇಗೆ ಬಂತೋ ತಿಳಿಯದು.

"ಬಾಯ್ಮುಚ್ಕೊಂಡು ಇಳಿ. ಮೂವತ್ತು ಬೇಸಿಗೆ ಇವರಿಗೆಲ್ಲ ಬಡಿಸಿದೀನಿ. ಇವರು ಎದ್ದು ಹೋಗ್ಬೇಕಂದ್ರೆ ಯಾರಾದ್ರೂ ಹೊಯ್ಯಲೇಬೇಕಲ್ಲ?"

ಮಹಾಶಯರೇ, ಉಟ್ಟ ಲಂಗದಲ್ಲೇ ಇಳಿದೆ. ನೀರು ತಣ್ಣಗಿರಲಿಲ್ಲ, ಬೇಸಿಗೆಯ ಬಿಸಿಲನ್ನೆಲ್ಲ ನಮಗೆಂದೇ ಎತ್ತಿಟ್ಟಂತೆ ಬೆಚ್ಚಗಿತ್ತು. ಅತ್ತೆ ನನ್ನ ಬೆನ್ನಿನ ಕೆಳಗೆ ಒಂದು ಅಂಗೈ ಇಟ್ಟರು. ಕಿವಿಗೆ ನೀರು ಹೊಕ್ಕಿತು, ಇಡೀ ಊರು ಸುಮ್ಮನಾಯಿತು. ಅಂಗೈ ಯಾವಾಗ ತೆಗೆದರೆಂದು ನನಗೆ ಗೊತ್ತಾಗಲಿಲ್ಲ.

ಆದ್ದರಿಂದ ಮೇಲಿನ ಅಹವಾಲನ್ನು ಸಂಪೂರ್ಣವಾಗಿ ಹಿಂತೆಗೆದುಕೊಂಡಿದ್ದೇನೆ. ಅದರ ಬದಲಿಗೆ ಬೇಡುವುದಿಷ್ಟೇ: ಮುಂದಿನ ವರ್ಷ ತಾವು ಜುಲೈ ಮೊದಲ ವಾರದಲ್ಲೇ, ಚೆನ್ನಾಗಿ ನೀರು ಕುಡಿದು, ಸಕುಟುಂಬ ಸಪರಿವಾರ ದಯಮಾಡಿಸಬೇಕು. ಕಲ್ಲಂಗಡಿ ಸಿಪ್ಪೆಯನ್ನು ಮರಳಿನ ಮೇಲೆ ಇಟ್ಟಿರುತ್ತೇವೆ. ಕಾಗದದ ಮೇಲಿನ ತೊಟ್ಟುಗಳನ್ನು ಕಣ್ಣೀರೆಂದು ತಿಳಿಯಬಾರದು. ನನ್ನ ಕೂದಲು ಇನ್ನೂ ಒಣಗಿಲ್ಲ. ಅದರಲ್ಲಿ ತಮ್ಮದೂ ಸ್ವಲ್ಪ ಇದ್ದೀತು.

ಇನ್ನು ಹೊಳೆ ಹರಿಯುವಷ್ಟೂ ಕಾಲ ತಮ್ಮ ವಿಶ್ವಾಸಿ,
ನೆವೆಂಕಾ

ಮರೆತ ಮಾತು: ಬೇಸಿಗೆಯುದ್ದಕ್ಕೂ ನೂರಾರು ಜನ ಬೆಳಗಿನಿಂದ ಸಂಜೆವರೆಗೆ ನೀರಿನಲ್ಲಿರುತ್ತಾರೆ, ಬಿಯರನ್ನೂ ಬೇಕಾದಷ್ಟು ಕುಡಿಯುತ್ತಾರೆ. ದಡದಲ್ಲಿರುವ ಎರಡು ಶೌಚಾಲಯಗಳು ನನ್ನ ಕಿಟಕಿಗೆ ನೇರ ಕಾಣುತ್ತವೆ. ಅವುಗಳ ಮುಂದೆ ಒಂದು ದಿನವೂ ಸಾಲು ನಿಂತದ್ದನ್ನು ನಾನು ನೋಡಿಲ್ಲ. ಹೊಳೆ ಕೆಡಿಸಿದ ಅಪವಾದ ಮಾತ್ರ ತಮ್ಮೊಬ್ಬರಿಗೆ.